ಹೈಫಾ ಫಾರ್ವರ್ಡ್ ಮತ್ತು ಟೇಬಲ್ ಮೇಲಿನ ಯುದ್ಧ: ಮನೆ ಲೆಕ್ಕದ ವಾರ್‌ಗೇಮ್ ಎಂದರೇನು, ಅದರಿಂದ ಏನು ತಿಳಿಯುತ್ತದೆ?

ಸೆಪ್ಟೆಂಬರ್ 23 ಹತ್ತಿರ ಬಂದರೆ ಸಾಕು, ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಸಂದೇಶ ಓಡಾಡತೊಡಗುತ್ತದೆ. 1918ರಲ್ಲಿ ಮೈಸೂರಿನ ಕುದುರೆ ಸವಾರರು ಬರೀ ಈಟಿ, ಕತ್ತಿ ಹಿಡಿದು ಮಷಿನ್ ಗನ್‌ಗಳ ಮೇಲೆ ನುಗ್ಗಿ ಹೈಫಾ ಪಟ್ಟಣವನ್ನು ಗೆದ್ದರು ಎಂಬುದು ಅದರ ಸಾರ. ನಾನೂ ಅದನ್ನು ಮನೆಯವರ ಗ್ರೂಪ್‌ನಲ್ಲಿ ಹಂಚಿದ್ದೆ. ಪಿಯುಸಿ ಓದುತ್ತಿದ್ದ ಚಿಕ್ಕಪ್ಪನ ಮಗ ಕೇಳಿದ: "ಅಕ್ಕ, ಎದುರಿಗೆ ಮಷಿನ್ ಗನ್ ಇದ್ರೆ ಕುದುರೆ ಹತ್ರಾನೇ ಹೋಗೋಕಾಗಲ್ವಲ್ಲ? ಹೇಗೆ ಗೆದ್ರು?" ನನ್ನ ಬಳಿ ಉತ್ತರ ಇರಲಿಲ್ಲ.

ಉತ್ತರ ಹುಡುಕಲು ನಮಗೆ ನೆರವಾದದ್ದು ಒಂದು ಆಟ. ಚೌಕ ಚೌಕವಾಗಿ ಗೆರೆ ಎಳೆದ ಹಲಗೆಯ ಮೇಲೆ ಪುಟ್ಟ ಸೈನಿಕರನ್ನಿಟ್ಟು ಆಡುವ ವಾರ್‌ಗೇಮ್. ಏನಿದು ಆಟ? ಹೇಗೆ ಆಡುತ್ತಾರೆ? ಹೈಫಾ ಬಗ್ಗೆ ಅದು ಏನು ಹೇಳಬಲ್ಲದು, ಏನು ಹೇಳಲಾರದು? ನೋಡೋಣ.

ಏನಿದು ಮಿನಿಯೇಚರ್ ವಾರ್‌ಗೇಮ್?

ಹಿಂದೆ ನಡೆದ ಅಥವಾ ನಡೆಯಬಹುದಾಗಿದ್ದ ಒಂದು ಯುದ್ಧವನ್ನು ಟೇಬಲ್ ಮೇಲೆ ಇಬ್ಬರು ಆಡುವ ಆಟವಿದು. ಸೈನಿಕರ ಗೊಂಬೆಗಳು ಸಾಮಾನ್ಯವಾಗಿ 28 ಮಿ.ಮೀ., 15 ಮಿ.ಮೀ. ಅಥವಾ 6 ಮಿ.ಮೀ. ಅಳತೆಯವು. ಹಲಗೆಯ ಮೇಲೆ ಬೆಟ್ಟ, ನದಿ, ರಸ್ತೆ, ಮನೆಗಳ ಮಾದರಿ ಇರುತ್ತವೆ. ಯಾರು ಎಷ್ಟು ದೂರ ನಡೆಯಬಹುದು, ಎಷ್ಟು ದೂರಕ್ಕೆ ಗುಂಡು ಹಾರಿಸಬಹುದು ಎಂಬುದನ್ನು ನಿಯಮಗಳು ಹೇಳುತ್ತವೆ. ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಹುಲಿ-ಕುರಿ ಆಟ ಆಡಿದವರಿಗೆ ಇದರ ಒಂದು ಗುಣ ಚೆನ್ನಾಗಿ ಗೊತ್ತು. ಎರಡೂ ಕಡೆ ಸಮಬಲ ಇರಬೇಕಿಲ್ಲ. ಹುಲಿ ಕಡಿಮೆ, ಬಲ ಜಾಸ್ತಿ. ಕುರಿ ಜಾಸ್ತಿ, ಬಲ ಕಡಿಮೆ. ಯುದ್ಧದ ಆಟಗಳೂ ಹಾಗೆಯೇ.

ಮನೆಗಳು ಏಕೆ ಬೇಕು?

ಈ ಆಟವನ್ನು ಎರಡು ರೀತಿ ಆಡುತ್ತಾರೆ. ಒಂದರಲ್ಲಿ ಟೇಪು ಹಿಡಿದು ದೂರ ಅಳೆಯಬೇಕು. "ಇನ್ನೂ ಅರ್ಧ ಇಂಚು ಬಾಕಿ ಇದೆ", "ಇಲ್ಲ, ತಲುಪಿದೆ" ಎಂಬ ಜಗಳ ಇಲ್ಲಿ ಮಾಮೂಲು. ಇನ್ನೊಂದರಲ್ಲಿ ಹಲಗೆಯನ್ನು ಮನೆಗಳಾಗಿ ವಿಂಗಡಿಸಿರುತ್ತಾರೆ. ಚೌಕಾಬಾರದಲ್ಲಿ ಎಣಿಸಿದಂತೆ ಮನೆ ಎಣಿಸಿದರೆ ಮುಗಿಯಿತು. ಅಳತೆ ಇಲ್ಲ, ಜಗಳ ಇಲ್ಲ, ಆಟ ಬೇಗ ಮುಗಿಯುತ್ತದೆ.

ಆದರೆ ಚೌಕದ ಮನೆಗೆ ಒಂದು ತೊಂದರೆ ಇದೆ. ಪಕ್ಕದ ಮನೆಗೆ ಹೋದರೆ ದೂರ 1 ಎಂದಾದರೆ, ಮೂಲೆಯಿಂದ ಓರೆಯಾಗಿ ಹೋದರೆ ದೂರ ಸುಮಾರು 1.41. ಅಂದರೆ ಓರೆ ನಡೆಯುವವನಿಗೆ ಸುಮಾರು 41 ಶೇಕಡಾ ದೂರ ಪುಕ್ಕಟೆ! ಇದಕ್ಕೆ ಮೂರು ಪರಿಹಾರಗಳಿವೆ: ಓರೆ ನಡೆಯನ್ನು ನಿಷೇಧಿಸುವುದು, ಇಟ್ಟಿಗೆ ಗೋಡೆಯಂತೆ ಒಂದು ಸಾಲು ಬಿಟ್ಟು ಒಂದು ಸಾಲನ್ನು ಅರ್ಧ ಮನೆ ಸರಿಸುವುದು, ಅಥವಾ ಜೇನುಗೂಡಿನಂಥ ಆರು ಮೂಲೆಯ ಮನೆ ಬಳಸುವುದು. ಆರು ಮೂಲೆಯ ಮನೆಯಲ್ಲಿ ಅಕ್ಕಪಕ್ಕದ ಆರೂ ಮನೆಗಳು ಒಂದೇ ದೂರದಲ್ಲಿರುತ್ತವೆ.

ಈ ಆಟ ಎಲ್ಲಿಂದ ಬಂತು?

ಕಾಲಾಳು, ಕುದುರೆ, ಆನೆ, ರಥಗಳನ್ನು 64 ಮನೆಗಳ ಮೇಲೆ ನಡೆಸುವ ಚತುರಂಗ ನಮ್ಮದೇ. ಅದು ಪರ್ಷಿಯಾ, ಅರಬ್ ನಾಡುಗಳ ಮೂಲಕ ಯುರೋಪಿಗೆ ಹೋಗಿ ಚೆಸ್ ಆಯಿತು. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನ ಗಣಿತ ಅಧ್ಯಾಪಕ ಹೆಲ್‌ವಿಗ್ ಚೆಸ್ ಹಲಗೆಯನ್ನು 1,617 ಮನೆಗಳಿಗೆ ಹಿಗ್ಗಿಸಿದರು. ಯಾವ ಬಣ್ಣದ ಮನೆ ಯಾವ ನೆಲ ಎಂದು ಗೊತ್ತುಮಾಡಿದರು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ಮನೆಗಳನ್ನು ಬಿಟ್ಟು, ನಿಜವಾದ ಭೂಪಟ, ದಾಳ ಮತ್ತು ತೀರ್ಪುಗಾರರನ್ನು ಬಳಸಿ 'ಕ್ರೀಗ್‌ಸ್ಪೀಲ್' ಎಂಬ ಆಟ ರೂಪಿಸಿದರು. ಅದನ್ನು ಸೈನ್ಯವೇ ಅಧಿಕಾರಿಗಳ ತರಬೇತಿಗೆ ಬಳಸಿತು.

ಗೊಂಬೆ ಸೈನಿಕರ ಆಟವನ್ನು ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್. ಅವರ 'ಲಿಟ್ಲ್ ವಾರ್ಸ್' ಪುಸ್ತಕ ಬಂದದ್ದು 1913ರಲ್ಲಿ. ಮರದ ಚೂರನ್ನು ಹಾರಿಸುವ ಸ್ಪ್ರಿಂಗ್ ಫಿರಂಗಿಯಿಂದ ಗೊಂಬೆಗಳನ್ನು ಬೀಳಿಸುವ ಆಟ ಅದು. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. 1962ರಲ್ಲಿ ಅಮೆರಿಕದ ಜೋಸೆಫ್ ಮೊರ್ಶೌಸರ್ ತಮ್ಮ ಪುಸ್ತಕದಲ್ಲಿ ಗೊಂಬೆ ಸೈನಿಕರನ್ನು ಮತ್ತೆ ಚೌಕದ ಮನೆಗಳ ಮೇಲೆ ತಂದು ನಿಲ್ಲಿಸಿದರು. ಇತ್ತೀಚೆಗೆ ಬಾಬ್ ಕಾರ್ಡರಿ ಅವರ 'ಪೋರ್ಟಬಲ್ ವಾರ್‌ಗೇಮ್' ಅದೇ ದಾರಿಯದು. ರಿಚರ್ಡ್ ಬೋರ್ಗ್ 2015ರಲ್ಲಿ ತಂದ 'ದಿ ಗ್ರೇಟ್ ವಾರ್' ಮೊದಲ ಮಹಾಯುದ್ಧವನ್ನು ಆರು ಮೂಲೆಯ ಮನೆಗಳ ಮೇಲೆ ಆಡಿಸುತ್ತದೆ.

ಮನೆಯಲ್ಲೇ ಆಡಿ ನೋಡಬಹುದಾದ ನಿಯಮಗಳು

ಹೈಫಾ ಪ್ರಶ್ನೆಗಾಗಿ ನಾವು ಮಾಡಿಕೊಂಡ ಸರಳ ನಿಯಮಗಳಿವು. ಒಂದು ಚಾರ್ಟ್ ಪೇಪರ್, ಸ್ಕೇಲು, ಕೆಲವು ಗುಂಡಿ ಅಥವಾ ಹುಣಸೆ ಬೀಜ, ಮೂರ್ನಾಲ್ಕು ದಾಳ ಇದ್ದರೆ ಸಾಕು.

1. ಹಲಗೆ: 8×8 ಮನೆಗಳು, ಒಂದೊಂದು 6 ಸೆಂ.ಮೀ. ಓರೆ ನಡೆ ಇಲ್ಲ.

2. ಬಲ: ಒಂದು ಕಾಯಿ ಎಂದರೆ ಒಬ್ಬ ಸೈನಿಕನಲ್ಲ, ಒಂದು ದಳ. ಕಾಲಾಳು, ಕುದುರೆ ದಳಗಳಿಗೆ ತಲಾ 4 ಬಲ, ಮಷಿನ್ ಗನ್‌ಗೆ 2. ಒಂದು ಏಟು ಬಿದ್ದರೆ 1 ಬಲ ಹೋಗುತ್ತದೆ. ಬಲ ಮುಗಿದರೆ ಕಾಯಿ ಹೊರಗೆ.

3. ನಡೆ: ಒಂದು ಸುತ್ತಿಗೆ ಕಾಲಾಳು 1 ಮನೆ, ಕುದುರೆ 3 ಮನೆ.

4. ಗುಂಡು: ಪ್ರತಿ ಸುತ್ತಿನಲ್ಲಿ ಎದುರಾಳಿ ನಡೆದ ಮೇಲೆ ಮಷಿನ್ ಗನ್ 3 ಮನೆ ದೂರದೊಳಗೆ 3 ದಾಳ ಹಾಕುತ್ತದೆ. ಬಯಲಲ್ಲಿರುವವರಿಗೆ 4, 5, 6 ಬಿದ್ದರೆ ಏಟು. ಕಂದಕ ಅಥವಾ ಗೋಡೆಯ ಮರೆಯಲ್ಲಿದ್ದರೆ 6 ಬಿದ್ದರೆ ಮಾತ್ರ ಏಟು.

5. ಕೈಕೈ ಕಾಳಗ: ಪಕ್ಕದ ಮನೆಗೆ ಬಂದವರು ಮುಂದಿನ ಸುತ್ತಿನಲ್ಲಿ ಮೇಲೆ ಬೀಳಬಹುದು. ಉಳಿದ ಬಲದಷ್ಟು ದಾಳ ಹಾಕಬೇಕು. ಇಲ್ಲೂ 4, 5, 6 ಏಟು.

6. ನೆಲ: ಜೌಗು ಅಥವಾ ಮುಳ್ಳುತಂತಿಯ ಮನೆಗೆ ಹೊಕ್ಕವರು ಆ ಸುತ್ತಿಗೆ ಅಲ್ಲೇ ನಿಲ್ಲಬೇಕು.

7. ಫಿರಂಗಿ: ಹಲಗೆಯ ಯಾವ ಮನೆಗಾದರೂ 2 ದಾಳ ಹಾಕಬಹುದು. ಮಷಿನ್ ಗನ್ ಮರೆಯಲ್ಲಿದ್ದರೆ ಅದಕ್ಕೂ 6 ಬೀಳಬೇಕು. ಏಟು ಬಿದ್ದ ಮಷಿನ್ ಗನ್‌ಗೆ ಆ ಸುತ್ತಿನಲ್ಲಿ 3 ದಾಳದ ಬದಲು 1 ದಾಳ ಮಾತ್ರ.

ಈಗ ಲೆಕ್ಕ ನೋಡಿ

ಮಷಿನ್ ಗನ್‌ನಿಂದ 4 ಮನೆ ದೂರದಲ್ಲಿ ಬಯಲಿನಲ್ಲಿ ಕಾಲಾಳು ದಳ ನಿಂತಿದೆ ಎನ್ನಿ. ಅದು ಒಂದೊಂದೇ ಮನೆ ನಡೆದು 3, 2, 1 ಮನೆ ದೂರಕ್ಕೆ ಬರುವಷ್ಟರಲ್ಲಿ ಮೂರು ಸಲ ಗುಂಡು ತಿನ್ನುತ್ತದೆ. 3 ದಾಳದಲ್ಲಿ ಸರಾಸರಿ 1.5 ಏಟು. ಮೂರು ಸಲಕ್ಕೆ 4.5. ಇರುವ ಬಲ 4. ಹೆಚ್ಚಿನ ಸಲ ದಳ ಮುಟ್ಟುವುದೇ ಇಲ್ಲ.

ಅದೇ ಜಾಗದಿಂದ ಕುದುರೆ ದಳ ಹೊರಟರೆ ಒಂದೇ ಸುತ್ತಿನಲ್ಲಿ ಪಕ್ಕದ ಮನೆಗೆ ಬಂದುಬಿಡುತ್ತದೆ. ಗುಂಡು ತಿನ್ನುವುದು ಒಂದೇ ಸಲ. ಸರಾಸರಿ 1.5 ಏಟು ಹೋದರೂ ಅರ್ಧಕ್ಕಿಂತ ಹೆಚ್ಚು ಬಲ ಉಳಿಯುತ್ತದೆ. ಅದೇ ಹೊತ್ತಿಗೆ ನಮ್ಮ ಫಿರಂಗಿಯ ಏಟು ಮಷಿನ್ ಗನ್‌ಗೆ ಬಿದ್ದಿದ್ದರೆ ನಷ್ಟ ಸರಾಸರಿ 0.5 ಮಾತ್ರ.

ಈಗ ನಡುವೆ ಎರಡು ಸಾಲು ಮುಳ್ಳುತಂತಿ ಇಡಿ, 3ನೇ ಮತ್ತು 2ನೇ ಮನೆ ದೂರದಲ್ಲಿ. ಕುದುರೆ ಎರಡು ಕಡೆ ನಿಲ್ಲಬೇಕಾಗುತ್ತದೆ. ಮತ್ತೆ ಮೂರು ಸಲ ಗುಂಡು, ಮತ್ತೆ 4.5 ಏಟು. ಕುದುರೆಯೂ ಕಾಲಾಳಿನಷ್ಟೇ ನಿಧಾನವಾಯಿತು!

ಮೂರು ಆಟ ಆಡುವಷ್ಟರಲ್ಲಿ ತಮ್ಮನ ಪ್ರಶ್ನೆಯೇ ಬದಲಾಯಿತು. "ಕುದುರೆ ಮಷಿನ್ ಗನ್ ಗೆಲ್ಲುತ್ತಾ ಅಂತ ಅಲ್ಲ ಅಕ್ಕ, ನಡುವೆ ಏನಿತ್ತು ಅಂತ ಕೇಳ್ಬೇಕು" ಎಂದ. ಫ್ರಾನ್ಸ್, ಬೆಲ್ಜಿಯಂನ ರಣರಂಗದಲ್ಲಿ ಕಂದಕ ಮತ್ತು ಮುಳ್ಳುತಂತಿಯ ಸಾಲುಗಳು ಎಡೆಬಿಡದೆ ಇದ್ದವು. ಅಲ್ಲಿ ಕುದುರೆ ದಳಗಳಿಗೆ ನುಗ್ಗಲು ದಾರಿ ಸಿಗುವುದೇ ಅಪರೂಪವಾಗಿತ್ತು. 1918ರ ಪ್ಯಾಲೆಸ್ತೀನ್ ಹಾಗಿರಲಿಲ್ಲ.

ಹಾಗಾದರೆ ಹೈಫಾದಲ್ಲಿ ನಡೆದದ್ದೇನು?

ಹೈಫಾ ಆಗ ತುರ್ಕರ ಆಟೊಮನ್ ಸಾಮ್ರಾಜ್ಯದ ಬಂದರು ಪಟ್ಟಣ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ, ನಡುವಿನ ಕಿರಿದಾದ ಜಾಗದಲ್ಲಿ ಪಟ್ಟಣಕ್ಕೆ ಹೋಗುವ ರಸ್ತೆ. ಬೆಟ್ಟದ ಮೇಲೆ ಫಿರಂಗಿಗಳು, ಕೆಳಗೆ ಮಷಿನ್ ಗನ್‌ಗಳು. ಸೆಪ್ಟೆಂಬರ್ 22ರಂದು ಶಸ್ತ್ರಸಜ್ಜಿತ ಕಾರುಗಳು ಇದೇ ರಸ್ತೆಯಲ್ಲಿ ಹೋಗಿ ಗುಂಡಿನ ಹೊಡೆತಕ್ಕೆ ಹಿಂದಿರುಗಿದ್ದವು.

ಮರುದಿನ ಬ್ರಿಟಿಷ್ ಸೇನೆಯ ಅಡಿಯಲ್ಲಿದ್ದ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್‌ಗೆ ಈ ಕೆಲಸ ಬಂತು. ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿನ ಫಿರಂಗಿಗಳ ಕಡೆ ಹೋಯಿತು. ಅದಕ್ಕೆ ಬ್ರಿಟಿಷ್ ಕುದುರೆ ತುಕಡಿಯೊಂದು ಜೊತೆಯಾಯಿತು. ಮೈಸೂರಿನ ಮತ್ತೊಂದು ತುಕಡಿ ಮಷಿನ್ ಗನ್‌ಗಳೊಂದಿಗೆ ಉತ್ತರದ ಬದಿಯಲ್ಲಿ ನಿಂತಿತು. ಹೌದು, ಮಷಿನ್ ಗನ್ ನಮ್ಮವರ ಬಳಿಯೂ ಇತ್ತು. ಹಿಂದಿನಿಂದ ಫಿರಂಗಿ ದಳದ ಬೆಂಬಲವೂ ಇತ್ತು. ಇಷ್ಟೆಲ್ಲ ಅಣಿಯಾದ ಮೇಲೆ ಮಧ್ಯಾಹ್ನ 2 ಗಂಟೆಗೆ ಜೋಧ್‌ಪುರ ಲ್ಯಾನ್ಸರ್ಸ್ ಮುಖ್ಯ ದಾಳಿಗೆ ಹೊರಟರು.

ನದಿ ದಡದಲ್ಲಿ ಕುದುರೆಗಳು ಹೂಳಿನಲ್ಲಿ ಸಿಕ್ಕಿಕೊಂಡವು. ನಮ್ಮ ಆಟದ ಜೌಗು ಮನೆ ಇದೇ. ದಳ ತಕ್ಷಣ ಎಡಕ್ಕೆ ತಿರುಗಿ, ಬೆಟ್ಟದ ಬುಡದಲ್ಲಿದ್ದ ಮಷಿನ್ ಗನ್‌ಗಳ ಮೇಲೆ ಬಿದ್ದು, ಅಲ್ಲಿಂದ ಪಟ್ಟಣಕ್ಕೆ ನುಗ್ಗಿತು. ಮೈಸೂರು ಸವಾರರೂ ಹಿಂದೆಯೇ ಬಂದರು. ಬೆಟ್ಟದ ಮೇಲಿದ್ದ ಮೈಸೂರು ತುಕಡಿ ಫಿರಂಗಿಗಳನ್ನು ವಶಪಡಿಸಿಕೊಂಡಿತು. ಒಟ್ಟು 1,350 ಮಂದಿ ಸೆರೆಯಾದರು. 17 ಫಿರಂಗಿ, 11 ಮಷಿನ್ ಗನ್ ಸಿಕ್ಕವು. ಬ್ರಿಗೇಡ್ ಕಡೆ 8 ಮಂದಿ ಸತ್ತರು, 34 ಮಂದಿ ಗಾಯಗೊಂಡರು. ಸತ್ತವರಲ್ಲಿ ಜೋಧ್‌ಪುರದ ಮೇಜರ್ ದಳಪತ್ ಸಿಂಗ್ ಒಬ್ಬರು. 60 ಕುದುರೆಗಳು ಸತ್ತವು.

ಆಟ ಏನನ್ನು ಹೇಳಲಾರದು?

ಇಲ್ಲಿ ಎಚ್ಚರ ಬೇಕು. ನಮ್ಮ ಆಟದಲ್ಲಿ ಕುದುರೆ ಗೆದ್ದಿತೆಂದರೆ ಅದು ಇತಿಹಾಸಕ್ಕೆ ಸಾಕ್ಷಿಯಲ್ಲ. ಅಂಕಿಗಳನ್ನು ಇಟ್ಟವರು ನಾವೇ. ಮಷಿನ್ ಗನ್‌ಗೆ 3ರ ಬದಲು 8 ದಾಳ ಕೊಟ್ಟರೆ ಸರಾಸರಿ 4 ಏಟು, ಕುದುರೆ ದಳ ಒಂದೇ ಸುತ್ತಿಗೆ ಮುಗಿಯಬಹುದು. ಇನ್ನು ದಾಳದ ಅದೃಷ್ಟ ಬೇರೆ: 3 ದಾಳ ಹಾಕಿದಾಗ ಎಂಟರಲ್ಲಿ ಒಂದು ಸಲ ಒಂದೂ ಏಟು ಬೀಳುವುದಿಲ್ಲ. ಹಾಗಾಗಿ ಒಂದು ಆಟ ನೋಡಿ ತೀರ್ಮಾನ ಮಾಡಬಾರದು. ಆಟದ ಕೆಲಸ ಸರಿಯಾದ ಪ್ರಶ್ನೆ ಹುಟ್ಟಿಸುವುದು. ಉತ್ತರವನ್ನು ದಾಖಲೆಗಳಲ್ಲೇ ಹುಡುಕಬೇಕು.

ಕೆಲವು ತಪ್ಪು ಕಲ್ಪನೆಗಳು

"ಇದು ಮಕ್ಕಳಾಟ": ಅಲ್ಲ. ಪ್ರಷ್ಯಾದ ಸೈನ್ಯ ಅಧಿಕಾರಿಗಳಿಗೆ ಇದರಿಂದಲೇ ಪಾಠ ಹೇಳಿತು. ಇಂದಿಗೂ ಸೇನಾ ತರಬೇತಿಯಲ್ಲಿ ವಾರ್‌ಗೇಮ್‌ಗಳಿವೆ.

"ಯುದ್ಧದ ಆಟ ಆಡಿದರೆ ಯುದ್ಧದ ಹುಚ್ಚು ಹಿಡಿಯುತ್ತದೆ": ವೆಲ್ಸ್ ತಮ್ಮ ಪುಸ್ತಕದಲ್ಲಿ ವಾದಿಸಿದ್ದು ಇದಕ್ಕೆ ವಿರುದ್ಧವಾಗಿ. ಗೊಂಬೆಗಳ ಯುದ್ಧದಲ್ಲೇ ಇಷ್ಟು ಎಡವಟ್ಟಾಗುವುದನ್ನು ಕಂಡವರಿಗೆ ನಿಜವಾದ ಯುದ್ಧ ಎಂಥ ಎಡವಟ್ಟು ಎಂದು ತಿಳಿಯುತ್ತದೆ ಎಂಬುದು ಅವರ ನಿಲುವು.

"ಹೈಫಾ ಇತಿಹಾಸದ ಕೊನೆಯ ಅಶ್ವದಾಳಿ": ಅಲ್ಲ. ಎರಡನೇ ಮಹಾಯುದ್ಧದಲ್ಲೂ, 1942ರ ಆಗಸ್ಟ್‌ನಲ್ಲಿ, ಇಟಲಿಯ ಕುದುರೆ ದಳವೊಂದು ರಷ್ಯಾದ ಇಝ್‌ಬುಶೆನ್‌ಸ್ಕಿಯಲ್ಲಿ ದಾಳಿ ಮಾಡಿತ್ತು.

"ಬರೀ ಈಟಿ, ಕತ್ತಿ ಹಿಡಿದು ಗೆದ್ದರು": ಅರ್ಧ ನಿಜ. ಈಟಿ ಹಿಡಿದು ನುಗ್ಗಿದ್ದು ನಿಜ. ಜೊತೆಗೆ ಫಿರಂಗಿ, ಮಷಿನ್ ಗನ್ ಬೆಂಬಲ, ಮೂರು ದಿಕ್ಕಿನ ಯೋಜನೆ ಇದ್ದದ್ದೂ ನಿಜ.

ಹಂಚುವ ಮುನ್ನ

ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಹೈದರಾಬಾದ್, ಜೋಧ್‌ಪುರ ಮತ್ತು ಮೈಸೂರಿನ ಲ್ಯಾನ್ಸರ್‌ಗಳ ನೆನಪಿನವು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಗೆಲುವನ್ನು ಪವಾಡವೆಂದು ಹೇಳಿದರೆ ಅವರ ಗೌರವ ಹೆಚ್ಚುವುದಿಲ್ಲ. ಗುಂಡಿನ ಮಳೆಯಲ್ಲಿ ಬೆಟ್ಟ ಹತ್ತಿದ್ದು, ಹೂಳು ಕಂಡ ಕೂಡಲೇ ದಾರಿ ಬದಲಿಸಿದ್ದು, ಒಬ್ಬರಿಗೊಬ್ಬರು ಆಸರೆಯಾಗಿ ನಿಂತದ್ದು, ಇದೆಲ್ಲ ಮರೆಯಾಗುತ್ತದೆ. ಧೈರ್ಯದ ಜೊತೆ ಬುದ್ಧಿಯೂ ಅವರದೇ ಅಲ್ಲವೇ?

ಮುಂದಿನ ಸಲ ಆ ಸಂದೇಶ ಬಂದಾಗ ಅಳಿಸಬೇಡಿ. ಕೆಳಗೆ ಒಂದು ಸಾಲು ಸೇರಿಸಿ ಕಳಿಸಿ: ಬೆಟ್ಟದ ಮೇಲೆ ಮೈಸೂರಿನವರೂ ಇದ್ದರು, ಹಿಂದೆ ಫಿರಂಗಿಯೂ ಇತ್ತು. ಮನೆಯಲ್ಲಿ ಮಕ್ಕಳು "ಹೇಗೆ?" ಎಂದು ಕೇಳಿದರೆ ಚಾರ್ಟ್ ಪೇಪರ್ ತೆಗೆದು ಮನೆ ಬರೆಯಿರಿ.