ರಾಡಿ ನೀರಿಗೆ ಪಾಚಿಯ ಲೋಳೆ

ಮಳೆಗಾಲದಲ್ಲಿ ವರದಾ, ಕುಮುದ್ವತಿ, ತುಂಗಭದ್ರಾ ಮೂರೂ ಕದಡಿ ಹರಿಯುತ್ತವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹೊಲಗಳಿಂದ ಕೊಚ್ಚಿಬಂದ ಮಣ್ಣಿನಲ್ಲಿ ಮರಳು ಬೇಗ ತಳ ಸೇರುತ್ತದೆ. ಎರೆಮಣ್ಣಿನ ಜೇಡಿ ಮಾತ್ರ ದಿನಗಟ್ಟಲೆ ತೇಲುತ್ತದೆ. ಅದರ ಕಣಗಳು ತೀರಾ ಸಣ್ಣವು. ಮೇಲಾಗಿ ಎಲ್ಲದರ ಮೈಯಲ್ಲೂ ಋಣ ವಿದ್ಯುದಾವೇಶವಿರುವುದರಿಂದ ಒಂದನ್ನೊಂದು ದೂಡುತ್ತಲೇ ಇರುತ್ತವೆ.

ಹಳಬರು ಇದಕ್ಕೆ ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯುತ್ತಿದ್ದರು. ಸುಶ್ರುತ ಸಂಹಿತೆಯ ಕತಕ ಇದೇ. ಬೀಜದಲ್ಲಿ ಕೆಲಸ ಮಾಡುವುದು ಗ್ಯಾಲಕ್ಟೊಮನ್ನಾನ್‌ನಂಥ ಪಾಲಿಸ್ಯಾಕರೈಡ್‌ಗಳು, ಅಂದರೆ ಸಕ್ಕರೆಯ ಅಣುಗಳು ಕೂಡಿಕೊಂಡ ಉದ್ದನೆಯ ಸರಪಳಿಗಳು. ಮುಂದೆ ಊರ ನೀರು ಶುದ್ಧೀಕರಣ ಘಟಕಗಳಿಗೆ ಆಲಂ ಎಂಬ ಅಲ್ಯೂಮಿನಿಯಂ ಲವಣ ಬಂತು. ಅದು ಅಗ್ಗ, ಚುರುಕು. ಆದರೆ ಅಲ್ಯೂಮಿನಿಯಂ ಬೆರೆತ ಗಸಿಯನ್ನು ಎಲ್ಲಿ ಸುರಿಯುವುದೆಂಬ ತಲೆನೋವು ಉಳಿದೇ ಇದೆ.

ನೀಲಿಹಸಿರು ಪಾಚಿ ಎಂದು ನಾವು ಕರೆಯುವ ಸೈನೊಬ್ಯಾಕ್ಟೀರಿಯಾದ ಸರದಿ ಬಂದದ್ದು 1980ರ ದಶಕದಲ್ಲಿ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಮೋಶೆ ಶಿಲೋ ಮತ್ತು ಎ. ಫತ್ತೋಮ್ 1984ರಲ್ಲಿ ಫಾರ್ಮಿಡಿಯಂ ಜೆ-1 ಎಂಬ ತಳವಾಸಿ ಪಾಚಿ ಹೊರಬಿಡುವ ಲೋಳೆ ಜೇಡಿಯನ್ನು ಗರಣೆಗಟ್ಟಿಸುತ್ತದೆಂದು ತೋರಿಸಿದರು. ಕುಡಿಯುವ ನೀರಿನ ಚಿಂತೆಯಿಂದ ಹೊರಟ ಪ್ರಶ್ನೆ ಅದಲ್ಲ. ತಳದಲ್ಲಿ ಬೆಳೆಯುವ ಜೀವಿಗೆ ಬಿಸಿಲು ಬೇಕು. ಮೇಲಿನ ರಾಡಿ ಇಳಿದರೆ ಬಿಸಿಲು ಒಳಗಿಳಿಯುತ್ತದೆ. ಲೋಳೆ ಅದರ ಸ್ವಂತ ಸಾಧನ ಎಂಬ ಈ ವಿವರಣೆ ನನಗೆ ಇಡೀ ಕ್ಷೇತ್ರದಲ್ಲೇ ಅತ್ಯಂತ ಸೊಗಸಾಗಿ ಕಾಣುತ್ತದೆ. ಅವರು ಪರೀಕ್ಷೆಗೆ ಬಳಸಿದ ಜೇಡಿ ಬೆಂಟೊನೈಟ್. ಅದರ ಮುಖ್ಯ ಖನಿಜ ಮಾಂಟ್‌ಮೊರಿಲ್ಲೊನೈಟ್. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವುದೂ ಅದೇ ಗುಂಪಿನ ಖನಿಜಗಳಿಂದ.

ಒಂದು ಒಗಟು ಮಾತ್ರ ಎದುರಾಯಿತು. ಲೋಳೆಗೂ ಋಣ ಆವೇಶ, ಜೇಡಿಗೂ ಋಣ ಆವೇಶ. ಎರಡೂ ಅಂಟುವುದು ಹೇಗೆ? ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ನಡುವೆ ಸೇತುವೆಯಾಗುತ್ತವೆ. ಲೋಳೆಯೂ ಪಾಲಿಸ್ಯಾಕರೈಡ್ ಸರಪಳಿಗಳದ್ದೇ; ಅದರ ಒಂದೇ ಸರಪಳಿ ಹಲವು ಕಣಗಳನ್ನು ಹಿಡಿದು ತಳಕ್ಕೆಳೆಯುತ್ತದೆ. ಸೇತುವೆಗೆ ಬೇಕಾದ ಈ ಲೋಹಗಳಿಗೆ ಕಡಲ ನೀರಿನಲ್ಲಿ ಬರವಿಲ್ಲ. ಸಮುದ್ರವಾಸಿ ಪ್ರಭೇದಗಳ ಲೋಳೆಯಲ್ಲಿ ಸಾಮಾನ್ಯವಾಗಿ ಸಿಗುವ ಸಲ್ಫೇಟ್ ಗುಂಪುಗಳು ಮತ್ತು ಯುರೋನಿಕ್ ಆಮ್ಲಗಳು ಲೋಹಗಳನ್ನು ಬಿಗಿಯಾಗಿ ಹಿಡಿಯುತ್ತವೆ.

ಭಾರತದಲ್ಲಿ ತಿರುಚಿರಾಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾಲಯದಲ್ಲಿ ಸಮುದ್ರ ಸೈನೊಬ್ಯಾಕ್ಟೀರಿಯಾಗಳಿಗೆಂದೇ ರಾಷ್ಟ್ರೀಯ ಕೇಂದ್ರ 1991ರಲ್ಲಿ ಶುರುವಾಯಿತು. ಗುಜರಾತಿನ ವಲ್ಲಭ ವಿದ್ಯಾನಗರದ ದತ್ತಾ ಮದಮ್ವಾರ್ ತಂಡ 2000ದಲ್ಲಿ ಸಯನೊಥೀಸ್ ಎಂಬ ಸಮುದ್ರವಾಸಿಯ ಲೋಳೆಯನ್ನು ವಿಶ್ಲೇಷಿಸಿ, ನೀರಿನಿಂದ ಲೋಹ ಹೀರಲು ಬಳಸಿ ನೋಡಿತು. ಸಂಶೋಧನೆಯ ಒಲವು ನಿಧಾನವಾಗಿ ರಾಡಿಯಿಂದ ಲೋಹದತ್ತ ಜರುಗಿದ್ದು ಹೀಗೆ.

ಕುಮಾರಪಟ್ಟಣದ ರೇಯಾನ್ ತಿರುಳಿನ ಕಾರ್ಖಾನೆಯ ನೀರಿಗೆ ಈ ಲೋಳೆ ಮದ್ದಾದೀತೇ ಎಂದು ರಾಣೆಬೆನ್ನೂರಿನವರು ಕೇಳಬಹುದು. ತಿರುಳು ಕಾರ್ಖಾನೆಗಳ ಕಂದು ಬಣ್ಣ ಬಹುಪಾಲು ಮರದಿಂದ ಕರಗಿಬಂದ ಲಿಗ್ನಿನ್‌ನದು, ತೇಲುವ ಜೇಡಿಯದಲ್ಲ. ಲೋಳೆ ಅಲ್ಲಿ ಹೆಚ್ಚು ಸಾಗದು. ಕುಡಿಯುವ ನೀರಿಗೂ ತೊಡಕುಗಳಿವೆ. ಪಾಚಿ ನಿಧಾನವಾಗಿ ಬೆಳೆಯುತ್ತದೆ, ಲೋಳೆಯನ್ನು ಬೇರ್ಪಡಿಸುವುದು ದುಬಾರಿ, ಕೆಲವು ಜಾತಿಗಳು ಮೈಕ್ರೊಸಿಸ್ಟಿನ್ ವಿಷ ಬಿಡುತ್ತವೆ. ನದಿನೀರಿನಲ್ಲಿ ಕ್ಯಾಲ್ಸಿಯಂ ಕಡಲಿನಷ್ಟಿರುವುದಿಲ್ಲವಾದ್ದರಿಂದ ಪ್ರಯೋಗಾಲಯದ ಅಂಕಿಗಳು ಇಲ್ಲಿಗೆ ಹಾಗೇ ಒಪ್ಪುವುದೂ ಇಲ್ಲ. ಮೊದಲು ಆಗಬೇಕಾದದ್ದು ಶ್ರಾವಣದ ವರದಾ ನೀರು ತಂದು ಆಲಂ, ಚಿಲ್ಲದ ಬೀಜ, ಪಾಚಿಯ ಲೋಳೆ ಮೂರನ್ನೂ ಬೇರೆ ಬೇರೆ ಜಾಡಿಗಳಲ್ಲಿ ಹಾಕಿ ಹೋಲಿಸುವ ಜಾರ್ ಟೆಸ್ಟ್.