ಹುಲಗೂರು ಸೀಮೆಯ ಅಶ್ವಪರ್ವ

ಹುಲಗೂರಿನಿಂದ ಹಾನಗಲ್ಲಿನವರೆಗೆ, ಸವಣೂರಿನಿಂದ ಹಿರೇಕೆರೂರಿನವರೆಗೆ ಹರಡಿರುವ ಈ ಸೀಮೆಯಲ್ಲಿ ನಮ್ಮ ಪೂರ್ವಜರು ಅರಸೊತ್ತಿಗೆಗಳ ಬಲವನ್ನು ಅವುಗಳ ಲಾಯ ನೋಡಿ ಅಳೆಯುತ್ತಿದ್ದರು. ವೀರಗಲ್ಲುಗಳಲ್ಲಿ ಈಟಿ ಹಿಡಿದು ಕುದುರೆಯೇರಿದ ರಾವುತನನ್ನು ಶಿಲ್ಪಿ ಕಡೆದದ್ದು ಅಲಂಕಾರಕ್ಕಲ್ಲ. ಊರು ಕಂಡ ಯುದ್ಧ ಅದೇ ಆಗಿತ್ತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಅಶ್ವಗಳ ಲಕ್ಷಣವನ್ನೂ ಕುದುರೆಯೇರಿ ಚೆಂಡಾಡುವ ವಿನೋದವನ್ನೂ ವರ್ಣಿಸಿದ್ದಾನೆ. ಆ ಸಾಮ್ರಾಜ್ಯದ ಸಾಮಂತರಾಗಿ ಬೆಳೆದ ಹಾನಗಲ್ಲಿನ ಕದಂಬರ ಮೇಲೆ 1196ರಲ್ಲಿ ಹೊಯ್ಸಳ ವೀರಬಲ್ಲಾಳ ದಂಡೆತ್ತಿ ಬಂದು, ಆನೆಕೆರೆಯ ಬಳಿ ಬೀಡುಬಿಟ್ಟು, ಆ ಸಲಕ್ಕೆ ಬರಿಗೈಯಲ್ಲಿ ಮರಳಿದ.

ಆದರೆ ಉತ್ತಮಾಶ್ವ ನಮ್ಮ ನೆಲದ ಬೆಳೆಯಲ್ಲ. ವಿಜಯನಗರದ ಅರಸ ಸಾಳುವ ನರಸಿಂಹನು ಒರ್ಮುಜ್, ಏಡನ್‌ಗಳಿಂದ ಕುದುರೆಗಳನ್ನು ತರಿಸುತ್ತಿದ್ದ. ಕಡಲಲ್ಲೇ ಸತ್ತದ್ದಾದರೆ ವರ್ತಕನು ಬಾಲವನ್ನು ತಂದೊಪ್ಪಿಸಿದರೆ ಸಾಕು, ಜೀವಂತ ಕುದುರೆಯ ಬೆಲೆಯೇ ಸಲ್ಲುತ್ತಿತ್ತೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಸಾಮ್ರಾಜ್ಯವೊಂದು ಬಾಲಕ್ಕೂ ಹೊನ್ನು ಸುರಿದದ್ದನ್ನು ದುಂದುವೆಚ್ಚವೆಂದು ನಗುವವರು ಆ ಕಾಲದ ಸಂಕಟವನ್ನು ಅರಿತವರಲ್ಲ. ಹಾಗೆ ಬಂದದ್ದನ್ನು ಉಳಿಸಿಕೊಳ್ಳುವುದೇ ಒಂದು ವಿದ್ಯೆ. ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲ. ಮೇವು ಕೆಟ್ಟರೆ, ಹುರುಳಿ ಮಿತಿ ಮೀರಿದರೆ, ಹೊಟ್ಟೆಶೂಲೆಗೆ ಉರುಳಾಡಿ ಪ್ರಾಣ ಬಿಡುತ್ತದೆ. ಸವಣೂರಿನ ಎರೆಮಣ್ಣು ಮಳೆಗಾಲದಲ್ಲಿ ಕಾಲಿಗಂಟಿದಾಗ ಗೊರಸಿನ ಅಡಿಯನ್ನು ಕೆರೆದು ಒಣಗಿಸದಿದ್ದರೆ ಅದು ಕೊಳೆತು ನಾರುತ್ತದೆ, ಸಾವಿರ ಹೊನ್ನಿನ ಪ್ರಾಣಿ ಕುಂಟುತ್ತದೆ. ಕನ್ನಡದಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಬರೆದದ್ದು ಇಂಥ ಅಗತ್ಯದಿಂದ. ದಂಡಯಾತ್ರೆಗಳನ್ನು ಹಾಡುವ ನಾವು ನಸುಕಿನಲ್ಲೆದ್ದು ಲದ್ದಿ ಬಾಚಿದವರನ್ನು ನೆನೆಯುವುದು ಕಡಿಮೆ.

ಮುಂದೆ ಈ ಸೀಮೆಯನ್ನಾಳಿದ ಸವಣೂರಿನ ಪಠಾಣ ನವಾಬರ ಪ್ರತಿಷ್ಠೆಯೂ ಸವಾರರ ಮೇಲೆಯೇ ನಿಂತಿತ್ತು. 1756ರಲ್ಲಿ ಪೇಶ್ವೆ ಬಾಳಾಜಿರಾಯನೂ ನಿಜಾಮನೂ ಸವಣೂರನ್ನು ಮುತ್ತಿದಾಗ ಫ್ರೆಂಚ್ ಸೇನಾನಿ ಬುಸ್ಸಿಯ ಫಿರಂಗಿಗಳೆದುರು ನವಾಬ ಅಬ್ದುಲ್ ಹಕೀಮ್ ಖಾನ್ ಮಣಿಯಬೇಕಾಯಿತು. ರಾವುತರ ಯುಗ ಕುಂದತೊಡಗಿದ್ದು ಅಲ್ಲಿಂದಲೇ ಎಂಬುದು ನನ್ನ ಎಣಿಕೆ. 1764ರಲ್ಲಿ ರಟ್ಟಿಹಳ್ಳಿಯ ಬಳಿ ಪೇಶ್ವೆ ಮಾಧವರಾಯನ ಮರಾಠಾ ದಂಡು ಮೈಸೂರಿನ ಹೈದರನನ್ನು ಸೋಲಿಸಿತು. 1786ರಲ್ಲಿ ಟಿಪ್ಪು ಸವಣೂರಿಗೆ ನುಗ್ಗಿದ. ಪ್ರತಿ ದಂಡೂ ಹಾದಿಯ ಜೋಳದ ಕಣಿಕೆಯನ್ನು ಮೇಯಿಸಿಯೇ ಹೋಗುತ್ತಿತ್ತು, ರೈತನ ದನಕ್ಕೆ ಉಳಿದದ್ದು ದೈವದ ಪಾಲು. ಹೈದರನ ಸವಾರನಾಗಿ ಬಾಳು ಆರಂಭಿಸಿದ ಧೋಂಡಿಯಾ ವಾಘನನ್ನು ಬೆನ್ನಟ್ಟಿ 1800ರಲ್ಲಿ ಬ್ರಿಟಿಷ್ ಸೇನಾನಿ ವೆಲ್ಲೆಸ್ಲಿ ಈ ನಾಡಿಗೆ ಬಂದ. ಸೆಪ್ಟೆಂಬರ್ 10ರಂದು ಧೋಂಡಿಯಾ ಮಡಿದ. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿಯೇ ಉಳಿಯಿತಾದರೂ, ಗಡಿಗಳನ್ನು ನಿರ್ಧರಿಸುವ ಅಧಿಕಾರ ಅದರ ಸವಾರರ ಕೈಗೆ ಮತ್ತೆ ಬರಲಿಲ್ಲ.