ಪ್ರಸಾದನಿಲಯಗಳೂ ಅಗ್ನಿರಕ್ಷಣೆಯೂ

ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವು ಲಿಂಗಾಯತ ಮಠಗಳ ಕೀರ್ತಿಗೆ ಮೂಲವಾದುದೆಂಬುದು ಸದ್ಭಕ್ತರೆಲ್ಲರಿಗೂ ವಿದಿತವೇ ಆಗಿದೆ. ಇವುಗಳಲ್ಲಿ ಅನ್ನದ ಚರಿತ್ರೆಯನ್ನೂ ಅಕ್ಷರದ ಚರಿತ್ರೆಯನ್ನೂ ಬರೆದವರು ಬಹುಮಂದಿ. ಆಶ್ರಯದ ಚರಿತ್ರೆಯಾದರೋ ಅಡಿಗಲ್ಲು ಹಾಗೂ ಪ್ರಾರಂಭೋತ್ಸವಗಳ ವರ್ಣನೆಯಲ್ಲಿಯೇ ಮುಗಿದುಹೋಗುವುದುಂಟು. ಆದರೆ ಆಶ್ರಯವೆಂಬ ಪದಕ್ಕೆ ರಕ್ಷಣೆಯೆಂಬ ಅರ್ಥವೂ ಉಂಟು. ಪರರ ಮಕ್ಕಳನ್ನು ಮಠದ ಸೂರಿನಡಿಯಲ್ಲಿ ಮಲಗಿಸಿಕೊಂಡವರು ಆ ಮಕ್ಕಳ ಪ್ರಾಣಕ್ಕೆ ಹೊಣೆಗಾರರಾಗುವರು. ಈ ಹೊಣೆಯ ಮುಖ್ಯಾಂಗಗಳಲ್ಲೊಂದಾದ ಅಗ್ನಿರಕ್ಷಣೆಯ ವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು 1909ರಲ್ಲಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಸಿದ್ಧಗಂಗೆಯಲ್ಲಿ ಶ್ರೀ ಉದ್ದಾನ ಶಿವಯೋಗಿಗಳವರು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳವರು ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದದ ಏರ್ಪಾಡು ಮಾಡಿದರು. ಆ ಕಾಲದಲ್ಲಿ ಕೊಪ್ಪಳ ಸೀಮೆಯು ನಿಜಾಮರ ಆಳಿಕೆಗೊಳಪಟ್ಟಿದ್ದು, ಮೇಲಿನ ತರಗತಿಗಳಲ್ಲಿ ಉರ್ದುವೇ ಬೋಧನಭಾಷೆಯಾಗಿದ್ದಿತು. ಕನ್ನಡದಲ್ಲಿ ಕಲಿಯಬಯಸಿದ ಹಳ್ಳಿಯ ಹುಡುಗನಿಗೆ ಮಠದ ಪ್ರಸಾದನಿಲಯವೇ ತವರಾಯಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡ ತರುವಾಯ ಈ ನಾಡಿನಲ್ಲಿಯೂ ವಿದ್ಯಾಸಂಸ್ಥೆಗಳು ಬೆಳೆದವು. ಕೊಪ್ಪಳದ ಶ್ರೀ ಗವಿಮಠದ ಪ್ರಸಾದನಿಲಯದಲ್ಲಿ ಇಂದು ಸಾವಿರಾರು ಮಕ್ಕಳು ಉಂಡು ಓದುತ್ತಿರುವರು.

ಪೂರ್ವದ ಪ್ರಸಾದನಿಲಯಗಳಲ್ಲಿ ಬೆಂಕಿಯು ಎಲ್ಲರ ಕಣ್ಣಿಗೆ ಕಾಣುವಂತಹುದಾಗಿದ್ದಿತು. ಇರಕಲ್ಲಗಡದ ಸುತ್ತಣ ಕಲ್ಲುಗುಡ್ಡಗಳ ಸೀಮೆಯಲ್ಲಿ ಗೋಡೆಗೆ ಕಲ್ಲು, ಮೇಲಕ್ಕೆ ಮಣ್ಣಿನ ಮಾಳಿಗೆ; ಇಂತಹ ಮನೆಗೆ ಬೆಂಕಿ ತಗುಲುವುದು ಸುಲಭವಲ್ಲ. ಭಯವಿದ್ದುದು ಹಿತ್ತಲಿನ ಕಣಿಕೆಯ ಬಣವೆಗೆ, ಹುಲ್ಲಿನ ಛಪ್ಪರಕ್ಕೆ, ಒಲೆಯ ಬಳಿ ಒಟ್ಟಿದ ಹತ್ತಿಕಟ್ಟಿಗೆಗೆ. ಆದುದರಿಂದಲೇ ಹಿರಿಯರು ಬಣವೆಯನ್ನು ಮನೆಯಿಂದ ದೂರದಲ್ಲಿ ಒಟ್ಟುತ್ತಿದ್ದರು. ಒಲೆಯ ಕೆಂಡವನ್ನು ಬೂದಿ ಮುಚ್ಚಿ, ಹಣತೆಯನ್ನು ಶಾಂತಗೊಳಿಸಿದ ಮೇಲೆಯೇ ಮಲಗುತ್ತಿದ್ದರು. ಸೀಮೆಎಣ್ಣೆಯ ಚಿಮಣಿ, ಕಂದೀಲುಗಳು ಬಂದಾಗಲೂ ಉರಿಯುವ ದೀಪವು ಕಣ್ಣೆದುರಿಗೇ ಇದ್ದಿತು.

ವಿದ್ಯುಚ್ಛಕ್ತಿ ಬಂದ ಮೇಲೆ ಬೆಂಕಿಯು ಗೋಡೆಯೊಳಗೆ ಅಡಗಿತು. ತುಂಗಭದ್ರಾ ಜಲಾಶಯದ ಅಡಿಗಲ್ಲು 1945ರಲ್ಲಿ ನೆಡಲ್ಪಟ್ಟು, ಮುನಿರಾಬಾದಿನಲ್ಲಿ ವಿದ್ಯುದಾಗಾರವು ಉಂಟಾಗಿ, ಕಾಲಕ್ರಮದಲ್ಲಿ ಈ ಸೀಮೆಯ ಹಳ್ಳಿಗಳಿಗೂ ತಂತಿಗಳು ಹರಿದುಬಂದವು. ನಾಲ್ಕು ದೀಪಗಳಿಗೆಂದು ಎಳೆದ ತಂತಿಗೆ ಪಂಖ, ನೀರು ಕಾಯಿಸುವ ಸಲಾಕೆ, ದೂರವಾಣಿಯ ಚಾರ್ಜರುಗಳೆಲ್ಲವನ್ನೂ ಜೋಡಿಸಿದಲ್ಲಿ ತಂತಿಯು ಕಾದು, ಹೊದಿಕೆ ಕರಗಿ, ಕಿಡಿ ಹುಟ್ಟುವುದು. ಇದನ್ನು ತಡೆಯಲೆಂದೇ ಇರುವ ಫ್ಯೂಸು ಪದೇಪದೇ ಸುಡುವುದೆಂದು ದಪ್ಪ ತಂತಿಯನ್ನು ಸುತ್ತುವುದು ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆಯೇ ಸರಿ. ಅಡಿಗೆಯ ಅನಿಲದ ಸ್ವಭಾವವೂ ತಿಳಿಯತಕ್ಕದ್ದು. ಅದು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ಮೇಲಕ್ಕೆ ಹೋಗದೆ ನೆಲದ ಮೇಲೆ, ತಗ್ಗಿನಲ್ಲಿ, ಮೂಲೆಯಲ್ಲಿ ತಂಗುವುದು. ವಾಸನೆಯಿಲ್ಲದ ಈ ಅನಿಲಕ್ಕೆ ದುರ್ಗಂಧವನ್ನು ಬೆರೆಸಿರುವುದು ಸೋರಿಕೆಯು ಮೂಗಿಗೆ ತಿಳಿಯಲೆಂದು. ಆ ವಾಸನೆ ಬಂದಾಗ ದೀಪದ ಗುಂಡಿಯನ್ನು ಸಹ ಮುಟ್ಟದೆ ಬಾಗಿಲು ಕಿಟಕಿಗಳನ್ನು ತೆರೆಯುವುದೇ ವಿಹಿತವು.

ಅನ್ಯದೇಶಗಳ ದುರಂತಗಳೂ ಪಾಠ ಹೇಳುವವು. ಕೆನ್ಯಾ ದೇಶದ ಕ್ಯಾಂಗುಲಿ ಎಂಬಲ್ಲಿ 2001ರ ಮಾರ್ಚ್ ತಿಂಗಳಿನ ಒಂದು ರಾತ್ರಿ ವಿದ್ಯಾರ್ಥಿನಿಲಯಕ್ಕೆ ಬೆಂಕಿಯಿಡಲ್ಪಟ್ಟು 67 ಬಾಲಕರು ಮೃತರಾದರು. ಎರಡು ಬಾಗಿಲುಗಳಲ್ಲಿ ಒಂದಕ್ಕೆ ಬೀಗವಿದ್ದಿತು, ಕಿಟಕಿಗಳಿಗೆ ಸರಳುಗಳಿದ್ದವು. ನೆರೆಯ ತಮಿಳುನಾಡಿನ ಕುಂಭಕೋಣದಲ್ಲಿ 2004ರ ಜುಲೈ 16ರಂದು ಶಾಲೆಯ ಅಡಿಗೆಮನೆಯ ಬೆಂಕಿಯು ಹುಲ್ಲಿನ ಮಾಡಿಗೆ ಹತ್ತಿ 94 ಎಳೆಯ ಮಕ್ಕಳು ಅಸುನೀಗಿದರು. ಅಲ್ಲಿನ ಅಡಿಗೆಯೂ ಮಕ್ಕಳ ಊಟಕ್ಕೆಂದೇ ನಡೆದಿದ್ದಿತೆಂಬುದನ್ನು ದಾಸೋಹದವರು ಮರೆಯಲಾಗದು. ಈ ದುರಂತವನ್ನು ಕುರಿತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟು, ಸುರಕ್ಷಿತ ಕಟ್ಟಡದಲ್ಲಿ ಕಲಿಯುವುದು ಮಗುವಿನ ಮೂಲಭೂತ ಹಕ್ಕೆಂದು ಸಾರಿತು. ಬೆಂಗಳೂರಿನ ಕಾರ್ಲ್‌ಟನ್ ಗೋಪುರದಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜನರು ಮಡಿದಾಗ ಜ್ವಾಲೆಗಿಂತ ಹೊಗೆಯೇ ಘೋರವೆಂಬುದು ಪ್ರಕಟವಾಯಿತು.

ಕೊಪ್ಪಳದ ಮಣ್ಣಿನಲ್ಲಿಯೂ ಶೋಕವು ಉಂಟಾಯಿತು. 2019ರ ಆಗಸ್ಟ್ 18ರಂದು ಪಟ್ಟಣದ ವಿದ್ಯಾರ್ಥಿನಿಲಯವೊಂದರಲ್ಲಿ, ಸ್ವಾತಂತ್ರ್ಯೋತ್ಸವಕ್ಕೆಂದು ನಿಲ್ಲಿಸಿದ್ದ ಧ್ವಜದ ಕಂಬವನ್ನು ತೆಗೆಯುವಾಗ ಅದು ವಿದ್ಯುತ್ತಂತಿಗೆ ತಗುಲಿ ಐವರು ವಿದ್ಯಾರ್ಥಿಗಳು ಅಸುನೀಗಿದರು. ಅಲ್ಲಿ ಜ್ವಾಲೆಯಿರಲಿಲ್ಲ; ಆದರೂ ತಂತಿಯೊಳಗಣ ಅಗ್ನಿಯೇ ಕೊಂದಿತು. ಓದಿ ಮನೆತನಕ್ಕೆ ಆಸರೆಯಾಗುವರೆಂದು ಕಳುಹಿಸಿದ ಮಕ್ಕಳ ದೇಹಗಳು ಮನೆಗೆ ಮರಳಿದವು. ಕಟ್ಟಡದ ಮೇಲೂ ಬಳಿಯಲ್ಲೂ ಹಾಯ್ದ ತಂತಿಗಳನ್ನು ನೋಡಿಯೇ ನಿಲಯವನ್ನು ಆರಿಸಬೇಕೆಂಬುದೂ, ವಿದ್ಯುತ್ತು ತಗುಲಿದವನನ್ನು ಮುಟ್ಟುವ ಮುನ್ನ ಪ್ರವಾಹವನ್ನು ಕಡಿಯಬೇಕೆಂಬುದೂ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯಬೇಕಾದ ಪಾಠಗಳು.

ಅಗ್ನಿಶಾಮಕ ದಳವು 1964ರ ಅಧಿನಿಯಮದ ಮೇರೆಗೆ ರಾಜ್ಯದಲ್ಲಿ ವ್ಯವಸ್ಥಿತಗೊಂಡಿದೆ. 101 ಹಾಗೂ 112 ಸಂಖ್ಯೆಗಳಿಗೆ ಕರೆಮಾಡಿದರೆ ಧಾವಿಸಿ ಬರುವರು. ಆದರೆ ದಳದ ಠಾಣೆಗಳು ಬಹುಮಟ್ಟಿಗೆ ಪಟ್ಟಣಗಳಲ್ಲಿರುವವು. ಇರಕಲ್ಲಗಡದಂತಹ ಊರುಗಳಿಗೆ ವಾಹನ ಬಂದು ಮುಟ್ಟುವವರೆಗಿನ ಮೊದಲ ನಿಮಿಷಗಳು ನಿಲಯದವರ ಕೈಯಲ್ಲಿಯೇ ಇರುವವು. ಆ ನಿಮಿಷಗಳಿಗಾಗಿ ಮಾಡತಕ್ಕ ಸಿದ್ಧತೆಯು ಬಹು ಧನವ್ಯಯದ್ದಲ್ಲ. ಮಲಗುವ ಪ್ರತಿ ಕೋಣೆಗೂ ಸಾಧ್ಯವಾದಲ್ಲಿ ಎರಡು ದಾರಿಗಳಿರಬೇಕು. ರಾತ್ರಿ ಹೊರಗಿನಿಂದ ಬೀಗ ಹಾಕಲೇಬಾರದು. ಮೆಟ್ಟಿಲುಗಳ ಮೇಲೆ ಪೆಟ್ಟಿಗೆ, ಹಾಸಿಗೆಗಳನ್ನು ಒಟ್ಟಬಾರದು. ಸಿಲಿಂಡರುಗಳು ಅಡಿಗೆಮನೆಯ ಹೊರಗೆ, ಗಾಳಿಯಾಡುವೆಡೆಯಲ್ಲಿರಬೇಕು. ಮರಳಿನ ಬಕೆಟ್ಟುಗಳೂ ಅಗ್ನಿಶಾಮಕ ಕೊಳವೆಗಳೂ ಕೈಗೆಟಕುವಂತಿರಬೇಕು. ಕಾದ ಎಣ್ಣೆಯ ಬೆಂಕಿಗೂ ವಿದ್ಯುತ್ತಿನ ಬೆಂಕಿಗೂ ನೀರು ಸುರಿಯುವುದು ಅನರ್ಥಕಾರಿಯೆಂದು ಅಡಿಗೆಯವರಿಗೆ ತಿಳಿಸಬೇಕು. ಹೊಗೆ ತುಂಬಿದಾಗ ಶುದ್ಧ ಗಾಳಿಯು ನೆಲದ ಹತ್ತಿರವಿರುವುದರಿಂದ ಬಾಗಿ, ತೆವಳಿ ಹೊರಬರುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಬೇಕು. ರಾತ್ರಿಯ ಹಾಜರಿಯು ತಪ್ಪದಿದ್ದರೆ ಮಾತ್ರ ಹೊರಬಂದವರೆಷ್ಟು, ಒಳಗುಳಿದವರೆಷ್ಟು ಎಂಬುದು ಕೂಡಲೇ ತಿಳಿಯುವುದು.

ಉತ್ಸವದ ಸಂದರ್ಭದಲ್ಲಿ ಹೊಸ ನಿಲಯಕ್ಕೆ ಕಾಣಿಕೆ ಕೊಡುವ ಭಕ್ತರು ಬಹುಮಂದಿ. ಹಳೆಯ ನಿಲಯದ ಸವೆದ ತಂತಿಯನ್ನು ಬದಲಿಸಲು ಕೊಡುವವರು ವಿರಳ. ಕಲ್ಲಿನಲ್ಲಿ ಹೆಸರು ಕೆತ್ತಿಸದ ಆ ಕಾಣಿಕೆಯೂ ದಾಸೋಹವೇ ಆಗಿದೆ. ಸಂಜೆ ಹೊಸ್ತಿಲು ದಾಟಿ ಒಳಬಂದ ಮಕ್ಕಳೆಲ್ಲರೂ ಬೆಳಗಿನ ಪ್ರಾರ್ಥನೆಗೆ ಕ್ಷೇಮವಾಗಿ ಎದ್ದು ನಿಲ್ಲುವಂತೆ ಸದ್ಭಕ್ತರೂ ಶಿಷ್ಯವರ್ಗದವರೂ ಶ್ರಮಿಸುವ ಬುದ್ಧಿಯನ್ನು ಪರಶಿವನು ಕರುಣಿಸಲಿ.